ಪರದೆಯ ಪಾಳಿ

ಕುರಿ, ದನ ಕೂಡಿಹಾಕುವ ಜಾಗಕ್ಕೆ ದಡ್ಡಿ ಅನ್ನುತ್ತಾರೆ. ಹೊರಗೆ ಬಯಲು ಎಷ್ಟೇ ಇರಲಿ, ರಾತ್ರಿಯಾದರೆ ಎಲ್ಲ ಜೀವಗಳೂ ಒಂದೇ ಆವರಣದಲ್ಲಿ ಮೈಗೆ ಮೈ ಹಚ್ಚಿ ಮಲಗಬೇಕು. ಹುಕ್ಕೇರಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು, ಘಟಪ್ರಭೆಯ ದಂಡೆಯ ಮೇಲಿರುವ ಒಂದು ಊರಿನ ಹೆಸರೂ ದಡ್ಡಿ. ಅಲ್ಲಿ ನನ್ನ ತಮ್ಮನ ಮನೆಯಿದೆ. ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಷ್ಟೇ. ಪಡಸಾಲೆ ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ಜೋಳದ ಚೀಲ, ಹಾಸಿಗೆಯ ಸುರುಳಿ, ಹೊಲಿಗೆ ಮಷೀನು, ದೇವರ ಜಗಲಿ ಎಲ್ಲಕ್ಕೂ ಅದೇ ಜಾಗ. ಗೋಡೆಯ ಮೇಲೆ, ದೇವರ ಫೋಟೋಗಳ ಸಾಲಿನಲ್ಲೇ, ಮೂವತ್ತೆರಡು ಇಂಚಿನ ಟಿವಿ.

ತಮ್ಮನ ಮಗ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಬಿಡುವಿದ್ದಾಗ ಓಣಿಯವರ ಅರ್ಜಿಗಳನ್ನು ಕನ್ನಡದಲ್ಲಿ ಟೈಪ್ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಾನೆ. ಒಂದು ದಿನ ತುಂಬಿದ ಬಸ್ಸಿನಲ್ಲಿ ಅವನ ಲ್ಯಾಪ್‌ಟಾಪಿನ ಪರದೆ ಒಡೆಯಿತು. ಒಳಗಿನ ಯಂತ್ರ ಚೆನ್ನಾಗಿಯೇ ಇತ್ತು. ಹೊಸ ಪರದೆ ಹಾಕಿಸಲು ಕೇಳಿದ ದುಡ್ಡಿನಲ್ಲಿ ಆ ಮನೆಯ ಎರಡು ತಿಂಗಳ ಸಂತೆ ಆಗುತ್ತಿತ್ತು. ಹುಡುಗ ಒಂದು ಎಚ್‌ಡಿಎಂಐ ವಾಯರ್ ತಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ಆ ವಾರ ನಾನು ಊರಲ್ಲಿದ್ದೆ. ಒಂದು ವಾಯರ್ ಒಂದು ಮನೆಯೊಳಗೆ ಎಷ್ಟೆಲ್ಲ ಪ್ರಶ್ನೆಗಳನ್ನು ತರಬಹುದು ಎಂಬುದನ್ನು ಕಣ್ಣಾರೆ ಕಂಡೆ.

ಮೊದಲನೆಯದು ಎತ್ತರದ ಪ್ರಶ್ನೆ. ನಮ್ಮಲ್ಲಿ ಟಿವಿಯನ್ನು ಕತ್ತೆತ್ತಿ ನೋಡುವಷ್ಟು ಮೇಲೆ ಹಾಕುತ್ತೇವೆ, ಹಿಂದೆ ಕುಳಿತವರಿಗೂ ಕಾಣಲಿ ಅಂತ. ಆದರೆ ಓದುವ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಒಂದು ತಾಸು ಕತ್ತೆತ್ತಿ ಓದಿದರೆ ಹೆಗಲು ಸೆಟೆಯುತ್ತದೆ. ಎರಡನೆಯ ದಿನ ಹುಡುಗನೂ ನಾನೂ ಕೂಡಿ ಟಿವಿಯನ್ನು ಗೋಡೆಯಿಂದ ಇಳಿಸಿ, ಹಳೆಯ ಟ್ರಂಕಿನ ಮೇಲೆ ಇಟ್ಟೆವು. ಅದನ್ನು ಇಳಿಸುವಾಗ ನಮ್ಮವ್ವನ ಮುಖದಲ್ಲಿ ಒಂದು ಕಳವಳ ಕಂಡಿತು. ದೇವರ ಸಾಲಿನಲ್ಲಿದ್ದದ್ದು ನೆಲದ ಹತ್ತಿರ ಬಂದಿತ್ತಲ್ಲ.

ಆಮೇಲೆ ಅಕ್ಷರದ ಪ್ರಶ್ನೆ. ಅಗ್ಗದ ಮೂವತ್ತೆರಡು ಇಂಚಿನ ಟಿವಿಗಳಲ್ಲಿ ಅಡ್ಡಕ್ಕೆ ಸಾಮಾನ್ಯವಾಗಿ 1366 ಚುಕ್ಕೆಗಳಿರುತ್ತವೆ. ಪರದೆಯ ಅಗಲ ಸುಮಾರು 71 ಸೆಂಟಿಮೀಟರ್. ಅಂದರೆ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿನಷ್ಟು ದಪ್ಪ. ಕಚೇರಿಗಳಲ್ಲಿ ಕಾಣುವ ಇಪ್ಪತ್ನಾಲ್ಕು ಇಂಚಿನ ಮಾನಿಟರಿನಲ್ಲಿ ಅಡ್ಡಕ್ಕೆ 1920 ಚುಕ್ಕೆ, ಒಂದೊಂದೂ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಟಿವಿಯ ದಪ್ಪ ಚುಕ್ಕೆಗಳು ಕಣ್ಣಿಗೆ ಕೂಡಿಕೊಂಡು ಕಾಣಬೇಕಾದರೆ ಆರು ಅಡಿ ದೂರ ಕೂರಬೇಕು. ಎರಡು ಅಡಿಯಲ್ಲಿ ಕುಳಿತರೆ ಅಕ್ಷರದ ಅಂಚುಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಇಂಗ್ಲಿಷಿಗೆ ಹೇಗೋ ನಡೆದೀತು. ಕನ್ನಡಕ್ಕೆ ನಡೆಯುವುದಿಲ್ಲ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಒತ್ತಕ್ಷರಗಳೋ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂತಿರುತ್ತವೆ. ಹುಡುಗ ಯಾರದೋ ವಾರಸಾ ಅರ್ಜಿ ಟೈಪ್ ಮಾಡುವಾಗ ಹೆಸರಿನೊಳಗಿನ ಮಹಾಪ್ರಾಣ ಅಲ್ಪಪ್ರಾಣವಾಗಿತ್ತು. ಪರದೆಯಲ್ಲಿ ಅದು ಗೊತ್ತಾಗಲೇ ಇಲ್ಲ. ಕಾಗದಕ್ಕೆ ಬಂದ ಮೇಲೆ ಕಂಡಿತು. ಪಹಣಿಯಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಆದರೆ ಬಡವನೊಬ್ಬ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಟಿವಿ ಚಿತ್ರಕ್ಕಾಗಿ ಹುಟ್ಟಿದ್ದು. ಹಳೆಯ ಗಾಜಿನ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚುಗಳು ನೆಟ್ಟಗೆ ಬರುತ್ತಿರಲಿಲ್ಲ. ಅದಕ್ಕೇ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಆ ರೂಢಿ ಇವತ್ತಿನ ಚಪ್ಪಟೆ ಟಿವಿಯಲ್ಲೂ ಉಳಿದಿದೆ. ಸಿನಿಮಾ ನೋಡುವಾಗ ಅದರ ಅರಿವೇ ಆಗುವುದಿಲ್ಲ. ಕಂಪ್ಯೂಟರ್ ಜೋಡಿಸಿದರೆ ಕೆಳಗಿನ ಪಟ್ಟಿ, ಮೂಲೆಯ ಗಡಿಯಾರ ಎರಡೂ ಮಾಯ. ಬಣ್ಣದ ಕಥೆಯೂ ಹಾಗೆಯೇ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಹಿಡಿಯುವುದಿಲ್ಲ. ಆದ್ದರಿಂದ ಕೆಲವು ಟಿವಿಗಳು ನಾಲ್ಕು ಚುಕ್ಕೆಗಳಿಗೆ ಕೂಡಿ ಒಂದೇ ಬಣ್ಣ ಹಂಚಿ ಕೆಲಸ ಮುಗಿಸುತ್ತವೆ. ಮುಖ, ಮೋಡ, ಹೊಲ ಎಲ್ಲ ಅದರಲ್ಲಿ ಚೆಂದವಾಗಿಯೇ ಕಾಣುತ್ತವೆ, ಆದರೆ ನೀಲಿಯ ಮೇಲೆ ಬರೆದ ಕೆಂಪು ಅಕ್ಷರ ಕದಡಿಹೋಗುತ್ತದೆ. ಚಿತ್ರವನ್ನು ಅಂದಗೊಳಿಸಲು ಟಿವಿ ತೆಗೆದುಕೊಳ್ಳುವ ಆ ಅರೆಕ್ಷಣದಲ್ಲಿ ಮೌಸ್ ಹಿಂದೆ ಬೀಳುತ್ತದೆ. ನಾವು ಕೈ ಆಡಿಸಿದ ಮೇಲೆ ಬಾಣದ ಗುರುತು ತಡವಾಗಿ ಹಿಂಬಾಲಿಸುತ್ತದೆ.

ಇವಕ್ಕೆಲ್ಲ ಮದ್ದು ಟಿವಿಯೊಳಗೇ ಇದೆ, ರಿಮೋಟಿನಲ್ಲಿ ಹುಡುಕಬೇಕು. ಆ ಜೋಡಣೆಗೆ 'ಪಿಸಿ' ಎಂದು ಹೆಸರು ಕೊಟ್ಟರೆ ಹಲವು ಟಿವಿಗಳು ತಮ್ಮ ಅಲಂಕಾರವನ್ನು ತಾವೇ ಬದಿಗಿಡುತ್ತವೆ. 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬುದನ್ನು ಒತ್ತಿದರೆ ನುಂಗಿದ ಅಂಚು ತಿರುಗಿ ಬರುತ್ತದೆ. ಅಂಗಡಿಯಲ್ಲಿ ಗಿರಾಕಿಯನ್ನು ಸೆಳೆಯಲೆಂದು ಏರಿಸಿಟ್ಟ ಬೆಳಕನ್ನು ಅರ್ಧಕ್ಕೆ ಇಳಿಸಬೇಕು, ಅಂಚು ಚೂಪು ಮಾಡುವ ಗುಂಡಿಯನ್ನೂ ತಗ್ಗಿಸಬೇಕು. ಕಂಪ್ಯೂಟರಿನಲ್ಲಿ ಅಕ್ಷರದ ಅಳತೆಯನ್ನು ಒಂದೂವರೆ ಪಟ್ಟು ಮಾಡಿ, ಉದ್ದ ವಾಯರಿನ ಕೀಬೋರ್ಡ್ ಹಿಡಿದು ಹಿಂದಕ್ಕೆ ಸರಿದು ಕೂರಬೇಕು. ಹುಡುಗ ಇಷ್ಟನ್ನು ಮಾಡಿದ. ಒತ್ತಕ್ಷರಗಳು ಮುಖ ತೋರಿಸಿದವು. ಆದರೆ ಹಿಂದಕ್ಕೆ ಸರಿದು ಕೂರುವುದೆಂದರೆ ಆ ಪಡಸಾಲೆಯಲ್ಲಿ ಎಲ್ಲಿ? ಮನೆಯವರೆಲ್ಲ ಕುಳಿತುಕೊಳ್ಳುವ ಚಾಪೆಯ ನಟ್ಟನಡುವೆ.

ಕಂಪ್ಯೂಟರು ಮನೆಯ ಟಿವಿಯನ್ನು ಕೇಳಿಕೊಂಡು ಬಂದದ್ದು ಹೊಸದೇನಲ್ಲ. ಅಮೆರಿಕದ ಡಾನ್ ಲ್ಯಾಂಕಾಸ್ಟರ್ 1973ರಲ್ಲಿ 'ಟಿವಿ ಟೈಪ್‌ರೈಟರ್' ಎಂಬ ಸಾಧನದ ವಿವರವನ್ನು ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಮಾನ್ಯರ ಮನೆಯ ಟಿವಿಯ ಮೇಲೆ ಅಕ್ಷರ ಮೂಡಿಸುವ ಯಂತ್ರ ಅದು. 1976ರ ಮೊದಲ ಆಪಲ್ ಕಂಪ್ಯೂಟರಿಗೆ ತನ್ನದೇ ಪರದೆ ಇರಲಿಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕೂಡ ಮನೆಯ ಟಿವಿಗೇ ಜೋಡಿಸುವಂಥದ್ದು. ಕಲಿಯುವ ಮಕ್ಕಳಿಗೆ ಅಗ್ಗದಲ್ಲಿ ಕಂಪ್ಯೂಟರ್ ಸಿಗಲೆಂದು 2012ರಲ್ಲಿ ಹೊರತಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವನ್ನೂ ಮನೆಯ ಟಿವಿಗೆ ಹಚ್ಚಬಹುದು. ಪರದೆಯ ಖರ್ಚನ್ನು ಬಡವನ ಮೇಲೆ ಹೊರಿಸಬಾರದು, ಅದು ಅವನ ಮನೆಯಲ್ಲಿ ಆಗಲೇ ಇದೆ ಎಂಬ ಕಾಳಜಿಯನ್ನು ಇದರಲ್ಲಿ ಕಾಣುತ್ತೇನೆ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಅಲ್ಲೊಂದು ಮಾತು ಬಿಟ್ಟುಹೋಗಿದೆ. ಮನೆಯಲ್ಲಿ ಆಗಲೇ ಇರುವ ಆ ಪರದೆಯ ಮುಂದೆ ಆಗಲೇ ಯಾರೋ ಕುಳಿತಿದ್ದಾರೆ.

ನಮ್ಮ ಹಳ್ಳಿಗಳಿಗೆ ಟಿವಿ ಬಂದದ್ದು ಯಾರೊಬ್ಬರ ಸೊತ್ತಾಗಿಯೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗ, 'ಸೈಟ್' ಎಂದು ಹೆಸರಾದದ್ದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಒಂದು ಊರಿಗೆ ಒಂದು ಟಿವಿ. ಮುಂಜಾನೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಪರದೆ ಒಂದೇ ಆದರೂ ಹೊತ್ತನ್ನು ಹಂಚಿಟ್ಟಿದ್ದರು. 2020ರ ಜುಲೈನಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಲೂ ಟಿವಿ ಮಕ್ಕಳ ಮೇಷ್ಟರಾಯಿತು. ಒಂದೇ ಕೋಣೆಯ ಮನೆಯಲ್ಲಿ ಪಾಠದ ಹೊತ್ತಿಗೆ ಉಳಿದವರು ಬಾಯಿ ಮುಚ್ಚಿಕೊಂಡು ಕೂತರು. ಆ ಮೌನಕ್ಕೆ ಯಾರೂ ಹಾಜರಿ ಹಾಕಲಿಲ್ಲ.

ನಮ್ಮ ಮನೆಯ ಜಗಳ ಮೂರನೆಯ ದಿನ ಸಂಜೆ ಏಳಕ್ಕೆ ಬಂತು. ಹುಡುಗನ ಆನ್‌ಲೈನ್ ತರಗತಿ ಏಳಕ್ಕೆ, ಅವ್ವನ ಧಾರಾವಾಹಿಯೂ ಏಳಕ್ಕೆ. ಅವ್ವನಿಗೆ ಎಂಬತ್ತು ದಾಟಿದೆ. ಮೊಣಕಾಲು ನೋವು, ಹೊರಗೆ ಹೋಗುವಂತಿಲ್ಲ. ಇಡೀ ದಿನದಲ್ಲಿ ಅವಳು ಕಾಯುವುದು ಆ ಅರ್ಧ ತಾಸನ್ನು.

"ಆಯಿ, ಎಂಟಕ್ಕ ಮುಗೀತೈತಿ. ಇವತ್ತೊಂದಿನಾ," ಅಂದ ಹುಡುಗ.

"ನಿನ್ನೀನೂ ಇವತ್ತೊಂದಿನಾ ಅಂದಿ," ಅಂದ ನನ್ನ ತಮ್ಮ, ದನಿ ಏರಿಸಿ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಹೊಳಿಗೆ ನಾಕ್ ಮನಿಯವ್ರು ಕೂಡಿ ಮೋಟರ್ ಕೂಡ್ಸಿದ್ವಿ. ಪಾಳಿ ಬಂತಂದ್ರ ನಿಮ್ಮಜ್ಜ ನಡುರಾತ್ರ್ಯಾಗೂ ಕಂದೀಲ ಹಿಡಕೊಂಡು ಹೊಲಕ್ಕ ಹೋಗಾಂವ. ಪಾಳಿ ಅಂದ್ರ ಪಾಳಿ. ಈಗ ಹುಡುಗಂದು ಪಾಳಿ ಬಂದೈತಿ, ಬಿಡ್ರಿ."

ಪಾಳಿ. ಈ ಒಂದು ಮಾತಿನ ಬೆಲೆ ನೀರಾವರಿ ನಾಡಿನವರಿಗೆ ಗೊತ್ತು. ದಡ್ಡಿಯ ಹತ್ತಿರ ಹರಿಯುವ ಹೊಳೆಯ ನೀರನ್ನು ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ ಅಳೆದು ಬರೆದಿಡುತ್ತಾರೆ. ಮುಂದೆ ಅದೇ ನೀರು ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಲ್ಲಿ ನಿಲ್ಲುತ್ತದೆ. 51 ಟಿಎಂಸಿ ಅಡಿ ಹಿಡಿಯುವ ಆ ಕಟ್ಟೆಯಿಂದ, ಧೂಪದಾಳದ ಒಡ್ಡಿನಿಂದ, ಕಾಲುವೆಗಳಲ್ಲಿ ಹಂಚಿಕೊಂಡು ಗೋಕಾಕ, ಮೂಡಲಗಿ ದಾಟಿ ಮುಧೋಳ, ಜಮಖಂಡಿಯ ಕಡೆಗೆ ಹೋಗುತ್ತದೆ. ಎಲ್ಲರ ಹೊಲಕ್ಕೂ ಒಂದೇ ಹೊತ್ತಿಗೆ ನೀರು ಬಿಡಲು ಬರುವುದಿಲ್ಲ. ಆದ್ದರಿಂದ ಪಾಳಿ. ನಮ್ಮ ತಾಲೂಕಿನ ದೀಪ ಉರಿಯುವುದೂ ಕೂಡಿ ಬಾಳುವ ಬುದ್ಧಿಯಿಂದಲೇ. 1969ರಲ್ಲಿ ನೋಂದಾಯಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಆಗ ಆರಂಭವಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಂಘಗಳಲ್ಲಿ ಒಂದು. ರಾಜ್ಯದ ಬೇರೆ ಕಡೆ ಕಂಪನಿಗಳು ಕರೆಂಟ್ ಕೊಟ್ಟರೆ ಹುಕ್ಕೇರಿಯಲ್ಲಿ ಸದಸ್ಯರ ಸಂಘ ಕೊಡುತ್ತದೆ. ನೀರನ್ನು, ಕರೆಂಟನ್ನು ಹಂಚಿ ಉಂಡ ಜನಕ್ಕೆ ಒಂದು ಟಿವಿಯನ್ನು ಹಂಚಿಕೊಳ್ಳುವುದು ದೊಡ್ಡದಲ್ಲ ಎಂದು ಆ ಸಂಜೆ ನನಗೆ ಸಮಾಧಾನವಾಯಿತು. ಒಂದು ಹಾಳೆಯ ಮೇಲೆ ವೇಳಾಪಟ್ಟಿ ಬರೆದೆವು. ಆರರಿಂದ ಏಳು ಹುಡುಗನ ಓದು. ಏಳರಿಂದ ಏಳೂವರೆ ಅವ್ವನ ಧಾರಾವಾಹಿ, ಆ ಅರ್ಧ ತಾಸಿನ ಪಾಠವನ್ನು ಅವನು ರಾತ್ರಿ ಧ್ವನಿಮುದ್ರಿತ ರೂಪದಲ್ಲಿ ಕೇಳುವುದು. ಎಂಟಕ್ಕೆ ತಮ್ಮನ ಸುದ್ದಿ. ಒಂಬತ್ತರ ಮೇಲೆ ಮತ್ತೆ ಹುಡುಗ, ದನಿ ಕಿವಿಗೆ ಮಾತ್ರ, ಬೆಳಕು ತಗ್ಗಿಸಿ. ಹಾಳೆಯನ್ನು ಗೋಡೆಗೆ ಅಂಟಿಸಿದೆವು, ಟಿವಿ ಮೊದಲು ತೂಗುತ್ತಿದ್ದ ಜಾಗದಲ್ಲೇ.

ಇನ್ನೊಂದು ಸಂಗತಿ ಹೇಳಬೇಕು. ಒಂದು ನೇಮಕಾತಿಯ ಆಯ್ಕೆ ಪಟ್ಟಿ ಆ ವಾರವೇ ಬಂತು. ಫೋನಿನಲ್ಲಾದರೆ ಹುಡುಗ ಹೊಳೆದಂಡೆಗೆ ಹೋಗಿ ಒಬ್ಬನೇ ನೋಡಿಕೊಳ್ಳುತ್ತಿದ್ದ. ಅಂದು ಟಿವಿಯಲ್ಲೇ ತೆರೆದ. ನೋಂದಣಿ ಸಂಖ್ಯೆಗಳ ಸಾಲು ಸಾಲು ಮೇಲೆ ಸರಿಯುತ್ತಿದ್ದವು. ಅವನ ತಾಯಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಅವಳ ತುಟಿ ಸಂಖ್ಯೆಗಳ ಜೊತೆ ಅಲುಗುತ್ತಿತ್ತು. ಪಟ್ಟಿ ಮುಗಿಯಿತು. ಅವನ ಸಂಖ್ಯೆ ಇರಲಿಲ್ಲ.

"ಇನ್ನೊಮ್ಮಿ ಮ್ಯಾಲಿಂದ ನೋಡಪಾ," ಅಂದಳು.

ಅವನು ಇನ್ನೊಮ್ಮೆ ಮೇಲಿಂದ ತಂದ. ಎರಡನೆಯ ಸಲ ಮುಗಿದಾಗ ಅವ್ವ ಅತ್ತ ತಿರುಗಿ ಕುಳಿತಳು, ತಮ್ಮ ಎದ್ದು ದನಕ್ಕೆ ಮೇವು ಹಾಕಲು ಹೋದ, ಅವನ ತಾಯಿ ಚಹಾ ಇಡಲು ಒಳಗೆ ಹೋದಳು. ಯಾರೂ ಅವನ ಮುಖ ನೋಡಲಿಲ್ಲ. ಇಕ್ಕಟ್ಟಿನ ಮನೆಯಲ್ಲಿ ಒಬ್ಬನಿಗೆ ಕೋಣೆ ಕೊಡಲು ಬರುವುದಿಲ್ಲ. ಆ ಹೊತ್ತಿನಲ್ಲಿ ಅವರೆಲ್ಲ ಕಣ್ಣು ತಿರುಗಿಸಿ ಅವನಿಗೊಂದು ಕೋಣೆ ಕಟ್ಟಿಕೊಟ್ಟರು. ಗೋಡೆಗಳಿರುವ ದೊಡ್ಡ ಮನೆಗಳಲ್ಲಿ ಬೆಳೆದವರಿಗೆ ಈ ಮರ್ಯಾದೆ ಕಲಿಯುವ ಪ್ರಸಂಗವೇ ಬಾರದೆ ಹೋಗಬಹುದು. ಆದರೂ, ಸೋಲಿನ ಕಾಗದವನ್ನು ಮೂವತ್ತೆರಡು ಇಂಚಿನಲ್ಲಿ ಓದಬೇಕಾದ ಸ್ಥಿತಿ ಯಾವ ಹುಡುಗನಿಗೂ ಬಾರದಿರಲಿ ಎಂದೇ ನನ್ನ ಮನಸ್ಸು ಬಯಸುತ್ತದೆ.

ಊರು ಬಿಡುವ ಮುನ್ನಾದಿನ ಗೋಡೆಯ ಹಾಳೆಯನ್ನು ಮತ್ತೊಮ್ಮೆ ಓದುತ್ತಿದ್ದೆ. ಹುಡುಗ, ಅವ್ವ, ತಮ್ಮ, ಮತ್ತೆ ಹುಡುಗ. ಆಗ ಎದೆಗೆ ನಾಟಿತು. ನಾಲ್ಕು ಜನರ ಮನೆಗೆ ಮೂರೇ ಹೆಸರು. ಹುಡುಗನ ತಾಯಿಯ ಹೆಸರು ಅದರಲ್ಲಿ ಇರಲಿಲ್ಲ. ಬರೆದವರಲ್ಲಿ ನಾನೂ ಒಬ್ಬ, ನನಗೂ ನೆನಪಾಗಿರಲಿಲ್ಲ. ಅವಳೂ ಕೇಳಿರಲಿಲ್ಲ. ಸಂಜೆ ಆರರಿಂದ ಒಂಬತ್ತು ಅಂದರೆ ಅವಳಿಗೆ ರೊಟ್ಟಿಯ ಹೊತ್ತು. ಎಲ್ಲರ ಪಾಳಿಯೂ ಅವಳ ಒಲೆಯ ಹೊತ್ತಿನ ಮೇಲೆಯೇ ನಿಂತಿತ್ತು.

ಕಾಲುವೆಯ ಕೊನೆ ಭಾಗದ ರೈತರ ಗೋಳನ್ನು ನಾವು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ಕಾಗದದಲ್ಲಿ ಅವರಿಗೂ ಪಾಳಿ ಇರುತ್ತದೆ. ಮೇಲಿನವರ ಹೊಲ ತೊಯ್ದು ಉಳಿದರೆ ಮಾತ್ರ ಅವರ ತನಕ ನೀರು. ಆದರೂ ಅವರು ತಾಲೂಕು ಕಚೇರಿಯ ಮುಂದೆ ಕೂತು ಕೂಗುತ್ತಾರೆ, ದಾರಿ ತಡೆಯುತ್ತಾರೆ. ಮನೆಯ ಕಾಲುವೆಯ ಕೊನೆಯಲ್ಲಿ ಕುಳಿತವಳಿಗೆ ಕಾಗದದಲ್ಲೂ ಪಾಳಿ ಇರಲಿಲ್ಲ, ಅವಳು ಕೂಗುವುದೂ ಇಲ್ಲ. ಅವ್ವ ತನ್ನ ಧಾರಾವಾಹಿ ಬಿಟ್ಟುಕೊಟ್ಟಾಗ ನಾವೆಲ್ಲ ಮೆಚ್ಚಿದ್ದೆವು. ಬಿಟ್ಟುಕೊಡಲು ಅವ್ವನಿಗೆ ಕೈಯಲ್ಲಿ ಏನಾದರೂ ಇತ್ತು. ಏನೂ ಇಲ್ಲದವಳ ತ್ಯಾಗ ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಇದು ನನ್ನ ತಮ್ಮನ ಮನೆಯ ಮಾತಷ್ಟೇ ಅಲ್ಲ. ನನ್ನ ಮನೆಯಲ್ಲಿ ಮೂರು ಕೋಣೆಗಳಿವೆ, ಎರಡು ಪರದೆಗಳಿವೆ. ಅಲ್ಲಿಯೂ ನನ್ನ ಹೆಂಡತಿಯನ್ನು ಈ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಕೇಳಿದೆ. "ನಿನಗ ಟಿವಿಯಾಗ ಏನ್ ನೋಡಬೇಕನಸ್ತದವಾ?"

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ನಂಗೇನ್ರೀ ಮಾವಾರ, ಏನೂ ಇಲ್ಲ," ಅಂದಳು. ಬುಟ್ಟಿಯಲ್ಲಿದ್ದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ, ಮಗನ ಕಡೆ ನೋಡುತ್ತ, ಮೆಲ್ಲಗೆ ಹೇಳಿದಳು. "ಝಂಪರ್ ಕಟಿಂಗ್ ವಿಡಿಯೋ ಇರ್ತಾವಲಾ, ಫೋನಿನ್ಯಾಗ ನೋಡ್ತೇನಿ. ಖಡುವಿನ ಗೆರಿ ಎಲ್ಲಿ ತಿರಗತೈತಿ ಅನ್ನೂದು ಕಾಣೂದಿಲ್ಲ. ಕಂಕುಳದಾಗ ಪ್ರತಿ ಸಲ ತಪ್ಪತೈತಿ."

ಮೂಲೆಯಲ್ಲಿ ಹೊಲಿಗೆ ಮಷೀನು ಇತ್ತು. ಅದರ ಮೇಲೆ ಬಟ್ಟೆ ಮುಚ್ಚಿತ್ತು. ಅದನ್ನು ನಾನು ಒಂದು ವಾರದಿಂದ ದಿನಾ ನೋಡುತ್ತಿದ್ದೆ. ಅದು ಯಾರದು, ಯಾಕೆ ಸುಮ್ಮನೆ ನಿಂತಿದೆ ಎಂದು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಹುಡುಗ ತಾಯಿಯನ್ನು ಟಿವಿಯ ಮುಂದೆ ಕೂಡಿಸಿ ಮೌಸ್ ಹಿಡಿಯುವುದನ್ನು ತೋರಿಸಿದ. ಅವಳು ಚಿತ್ರ ನಿಲ್ಲಿಸಿ, ಗೆರೆ ನೋಡಿ, ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಖಡುವಿನಿಂದ ಎಳೆದಳು. ಮತ್ತೆ ಚಿತ್ರ ಓಡಿಸಿದಳು, ಮತ್ತೆ ನಿಲ್ಲಿಸಿದಳು. ಅವಳು ಕುಳಿತ ದೂರ ಆರು ಅಡಿ ಇದ್ದೀತು. ಅಷ್ಟು ದೂರದಿಂದ ಕತ್ತರಿಯ ತುದಿಯೂ ಸ್ಪಷ್ಟವಾಗಿ ಕಾಣುತ್ತಿತ್ತು.

ಗೋಡೆಯ ಹಾಳೆಯಲ್ಲಿ ಈಗ ಎಲ್ಲಕ್ಕಿಂತ ಮೇಲಿನ ಸಾಲು ಅವಳದು, ಮಧ್ಯಾಹ್ನ ಎರಡರಿಂದ ಮೂರೂವರೆ. ಆ ಹೊತ್ತಿನಲ್ಲಿ ಹುಡುಗ ಪುಸ್ತಕ ತೆಗೆದುಕೊಂಡು ಹೊಳೆದಂಡೆಗೆ ಹೋಗುತ್ತಾನೆ. ಹೋದ ತಿಂಗಳು ಅವಳು ಓಣಿಯ ಇಬ್ಬರಿಗೆ ಝಂಪರ್ ಹೊಲಿದುಕೊಟ್ಟಿದ್ದಾಳೆ.